ಅಂಗಡಿ ಜಗಲಿಯಿಂದ: ಕೌದಿ ಬಟ್ಟೆಗೆ ಹಿಂಡದೆ ಹಾಕುವ ಗಂಜಿ



ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ಕುಳಿತವನು ದಿನಕ್ಕೆ ಹತ್ತು ಸಲವಾದರೂ ಕೇಳುವ ಮಾತೊಂದಿದೆ. "ಗಂಜಿ ಇಲ್ಲದ ಬಟ್ಟೆ ಕೊಡಿ." ಗಿರಾಕಿ ಥಾನಿನ ತುದಿಯನ್ನು ಎರಡೂ ಕೈಯ ಹೆಬ್ಬೆರಳ ನಡುವೆ ಹಿಡಿದು ಉಜ್ಜುತ್ತಾರೆ. ಬಿಳಿ ಪುಡಿ ಉದುರಿದರೆ ಮುಖ ಸಣ್ಣದಾಗುತ್ತದೆ. ಉದುರದಿದ್ದರೆ ಅಳತೆ ಕೋಲು ಕೈಗೆ ಬರುತ್ತದೆ. ಗಂಜಿ ತುಂಬಿದ ಬಟ್ಟೆ ಅಂಗಡಿಯಲ್ಲಿ ದಪ್ಪವಾಗಿ ಕಾಣುತ್ತದೆ, ಒಂದು ಸಲ ಒಗೆದರೆ ಬಲೆಯಂತಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಆದರೆ ಕೌದಿ ಹೊಲಿಯುವ ಹೆಂಗಸರ ಮಾತು ಇದಕ್ಕೆ ತಿರುಗಾಮುರುಗ. ಅವರಿಗೆ ಬಟ್ಟೆ ಸ್ವಲ್ಪ ಗರಿಗರಿಯಾಗಿಯೇ ಇರಬೇಕು. ಹಳೆಯ ಹತ್ತಿ ಸೀರೆ ಬೆಣ್ಣೆಯಂತೆ ಮೆತ್ತಗಾಗಿರುತ್ತದೆ. ಕತ್ತರಿಸಲು ಹೋದರೆ ಜಾರುತ್ತದೆ, ಚೌಕ ಮಾಡಿದ್ದು ಸೊಟ್ಟಗಾಗುತ್ತದೆ, ಕ್ರಾಸಾಗಿ ಕತ್ತರಿಸಿದ ತುಂಡಂತೂ ಎಳೆದಷ್ಟೂ ಹಿಗ್ಗುತ್ತದೆ. ಅದೇ ತುಂಡಿಗೆ ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಕಾಗದದಂತೆ ನಿಂತು, ಮಡಿಸಿದ ಅಂಚು ಮಡಿಸಿದಲ್ಲೇ ಇರುತ್ತದೆ. ಹೊಲಿಗೆ ನೇರವಾಗಿ ಓಡುತ್ತದೆ. ನಮ್ಮ ಸೋಮಂದೇಪಲ್ಲಿಯ ಕಡೆ ತೆಲುಗಿನವರು ಬೊಂತ ಎನ್ನುತ್ತಾರೆ, ಉತ್ತರ ಕರ್ನಾಟಕದವರು ಕೌದಿ ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ.

ಗಂಡಸಾದ ನಾನು ಈ ವಿಷಯ ಬರೆಯಲು ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮ ಮನೆಯಾಕೆ ಪ್ರತಿ ಮೊಮ್ಮಗುವಿಗೂ ಒಂದು ಕೌದಿ ಹೊಲಿದು ಕೊಡುವ ಪದ್ಧತಿ ಇಟ್ಟುಕೊಂಡಿದ್ದಾಳೆ. ಆರು ಕೌದಿ ಆಗಿದ್ದವು. ಏಳನೆಯದು ವರ್ಷವಾದರೂ ಮುಗಿಯಲಿಲ್ಲ. ವಯಸ್ಸಾಯಿತು, ಬೇಸರ ಬಂದಿರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ. ಒಂದು ದಿನ ಪೆನುಕೊಂಡೆಯ ಪಾರ್ಶ್ವನಾಥ ಬಸದಿಗೆ ಹೋದಾಗ ನೋಡಿದೆ, ಅಷ್ಟದ್ರವ್ಯದ ತಟ್ಟೆಯನ್ನು ಬಲಗೈಯಲ್ಲಿ ಹಿಡಿದವಳು ನಾಲ್ಕು ಹೆಜ್ಜೆಗೆ ಎಡಗೈಗೆ ಬದಲಾಯಿಸಿಕೊಂಡಳು. ಮನೆಗೆ ಬಂದ ಮೇಲೆ ಕೇಳಿದೆ.

"ಏನಿಲ್ಲ ರೀ, ಹೆಬ್ಬೆರಳ ಬುಡ ಹಿಡಿದುಕೊಳ್ಳುತ್ತೆ" ಅಂದಳು.

"ಅದಕ್ಕೇನಾ ಕೌದಿ ನಿಲ್ಲಿಸಿದ್ದು?"

"ಹೊಲಿಯೋಕೆ ಈಗಲೂ ಆಗುತ್ತೆ. ಗಂಜಿ ಬಟ್ಟೆ ಹಿಂಡೋಕೆ ಆಗಲ್ಲ."

ಆಗ ನನಗೆ ನಾಚಿಕೆಯಾಯಿತು. ನಲವತ್ತು ವರ್ಷ ನಾನು ಅಂಗಡಿಗೆ ಉಟ್ಟುಕೊಂಡು ಹೋದ ಗರಿಗರಿ ಪಂಚೆಯ ಗಂಜಿಯನ್ನು ಹಿಂಡಿದ್ದೂ ಅದೇ ಕೈ. ಒಂದು ದಿನವಾದರೂ ಆ ಪಂಚೆಯನ್ನು ನಾನು ಹಿಂಡಿ ನೋಡಿದವನಲ್ಲ. ಮರುದಿನ ಹಿಂಡಿ ನೋಡಿದೆ. ಗಂಜಿಯಲ್ಲಿ ನೆನೆದ ಬಟ್ಟೆ ಬರಿ ನೀರಿನ ಬಟ್ಟೆಯಂತಲ್ಲ. ಜಾರುತ್ತದೆ, ಹಿಡಿತಕ್ಕೆ ಸಿಗದು, ಇನ್ನಷ್ಟು ಬಿಗಿಯಾಗಿ ತಿರುಚಬೇಕು. ಅರ್ಧ ಕಿಲೋ ತೂಗುವ ಹತ್ತಿ ಸೀರೆ ನೆಂದಾಗ ಒಂದೂವರೆ ಕಿಲೋ ಆಗುವುದುಂಟು. ಅದನ್ನು ಹಿಡಿದು ಎರಡೂ ಮಣಿಕಟ್ಟನ್ನು ಎದುರುಬದುರು ತಿರುಚುವುದೆಂದರೆ ಸಣ್ಣ ಕೆಲಸವಲ್ಲ.

ವೈದ್ಯರಿಗೆ ತೋರಿಸಿದೆವು. ಹೆಬ್ಬೆರಳನ್ನು ಎತ್ತುವ ನರದಂಥ ಹುರಿಗಳು ಮಣಿಕಟ್ಟಿನ ಬಳಿ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಓಡಾಡುತ್ತವೆ, ಹಿಡಿದು ತಿರುಚುವ ಕೆಲಸ ಮತ್ತೆ ಮತ್ತೆ ಮಾಡಿದರೆ ಆ ಕೊಳವೆ ದಪ್ಪಗಾಗಿ ಹುರಿಗಳು ಉಜ್ಜಿ ನೋಯುತ್ತವೆ ಎಂದು ಬಿಡಿಸಿ ಹೇಳಿದರು. 1895ರಲ್ಲಿ ಸ್ವಿಟ್ಜರ್ಲೆಂಡಿನ ಡಿ ಕ್ವೆರ್ವೇನ್ ಎಂಬ ಶಸ್ತ್ರವೈದ್ಯರು ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಈ ನೋವಿಗೆ ಬಂದಿದೆಯಂತೆ. ಬಟ್ಟೆ ಒಗೆಯುವ ಹೆಂಗಸರ ಉಳುಕು ಎಂದೂ ಇದನ್ನು ಕರೆಯುತ್ತಿದ್ದರಂತೆ. ಕೈಗೆ ಪಟ್ಟಿ ಕಟ್ಟಿ, ಹಿಂಡುವುದನ್ನು ನಿಲ್ಲಿಸಿ ಎಂದರು.

ಗಂಜಿ ಹಾಕುವುದನ್ನು ಅವರು ಬೇಡವೆನ್ನಲಿಲ್ಲ, ಹಿಂಡುವುದನ್ನು ಬೇಡವೆಂದರು. ಅಲ್ಲಿಂದ ಮುಂದೆ ನಾವಿಬ್ಬರೂ ಸೇರಿ ಹಿಂಡದೆ ಗಂಜಿ ಹಾಕುವುದು ಹೇಗೆ ಎಂದು ಒಂದೊಂದಾಗಿ ಮಾಡಿ ನೋಡಿದೆವು. ನಮಗೆ ಒದಗಿದ್ದನ್ನು ಕೆಳಗೆ ಬರೆದಿದ್ದೇನೆ.

ಮೊದಲು ಗಂಜಿಯ ಮಾತು

ಪ್ರೆಶರ್ ಕುಕ್ಕರ್ ಬಂದ ಮೇಲೆ ಅನ್ನ ಬಸಿಯುವ ಮನೆ ಕಡಿಮೆ. ಬಸಿಯುವವರು ಆ ತಿಳಿಗೆ ಅಷ್ಟೇ ನೀರು ಬೆರೆಸಿ, ತೆಳುಬಟ್ಟೆಯಲ್ಲಿ ಸೋಸಿ ಬಳಸಬಹುದು. ಉಪ್ಪು ಹಾಕಿ ಬೇಯಿಸಿದ್ದರೆ ಬೇಡ. ಬಸಿಯದವರು ಅಕ್ಕಿ ಹಿಟ್ಟಿನಿಂದ ಮಾಡಿಕೊಳ್ಳಬೇಕು. ಹಳೆಯ ಸೀರೆ, ಮಲ್ಲು, ವಾಯಿಲ್ ಇಂಥ ತೆಳು ಬಟ್ಟೆಗೆ 1 ಲೀಟರ್ ನೀರಿಗೆ 1 ದೊಡ್ಡ ಚಮಚ ಹಿಟ್ಟು ಸಾಕು. ಸಣ್ಣ ಸಣ್ಣ ಚೌಕ, ತ್ರಿಕೋನ ಕತ್ತರಿಸುವುದಿದ್ದರೆ 2 ಚಮಚ. ಅದಕ್ಕಿಂತ ಹೆಚ್ಚು ಬೇಡ, ಕಾರಣ ಮುಂದೆ ಹೇಳುತ್ತೇನೆ. ಮೆಕ್ಕೆಜೋಳದ ಬಿಳಿ ಹಿಟ್ಟು, ಅಂದರೆ ಅಂಗಡಿಯ ಕಾರ್ನ್‌ಫ್ಲೋರ್, ಇದೇ ಲೆಕ್ಕದಲ್ಲಿ ಆಗುತ್ತದೆ.

ಹಿಟ್ಟನ್ನು ಬಿಸಿ ನೀರಿಗೆ ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ. ತಣ್ಣೀರಿಗೆ ಕಲಸಿ ಬೇಯಿಸದೆ ಬಟ್ಟೆಗೆ ಹಾಕಿದರೆ ತಳದಲ್ಲಿ ಕೂತು, ಕಪ್ಪು ನೀಲಿ ಬಟ್ಟೆಯ ಮೇಲೆ ಬಿಳಿ ಮಚ್ಚೆ ಬರುತ್ತದೆ. ಆದ್ದರಿಂದ ಒಂದು ಲೋಟ ತಣ್ಣೀರಿನಲ್ಲಿ ಹಿಟ್ಟನ್ನು ಗಂಟಿಲ್ಲದೆ ಕಲಸಿಟ್ಟುಕೊಂಡು, ಉಳಿದ ನೀರು ಕುದಿಯುವಾಗ ಕೈಯಾಡಿಸುತ್ತ ಸುರಿಯಬೇಕು. ಹಿಟ್ಟಿನ ಕಣ ಬಿಸಿಗೆ ಊದಿ ಒಡೆದಾಗಲೇ ಅಂಟು ಹುಟ್ಟುವುದು. ಐದಾರು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಹಾಲಿನ ಬಿಳುಪು ಹೋಗಿ ತಿಳಿಯಾದ ಮೇಲೆ ಇಳಿಸಿ, ಬಿಸಿಯಾಗಿದ್ದಾಗಲೇ ಸೋಸಿ, ಉಗುರು ಬೆಚ್ಚಗಾದಾಗ ಬಳಸಬೇಕು. ಬಟ್ಟೆ ಹೊಸದಾಗಿದ್ದರೆ ಮೊದಲೇ ಬರಿ ನೀರಿನಲ್ಲಿ ಒಗೆದು ಗಿರಣಿಯ ಗಂಜಿ ಬಿಡಿಸಬೇಕು. ಇಲ್ಲವಾದರೆ ಕೌದಿಯಾದ ಮೇಲೆ ಒಂದು ತುಂಡು ಕುಗ್ಗಿ ಪಕ್ಕದ ತುಂಡು ಸುಕ್ಕುಗಟ್ಟುತ್ತದೆ.

ನಮ್ಮ ಆಚಾರಕ್ಕೆ ಸೇರಿದ ಮೂರು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ.

ಒಂದು, ಸಬ್ಬಕ್ಕಿ ಗಂಜಿ ಚೆನ್ನಾಗಿ ನಿಲ್ಲುತ್ತದೆಂದು ಬಹಳ ಜನ ಹಾಕುತ್ತಾರೆ. ಸಬ್ಬಕ್ಕಿ ಆಗುವುದು ಮರಗೆಣಸಿನಿಂದ, ಅದು ನೆಲದೊಳಗಿನ ಗೆಡ್ಡೆ. ಆರಾರೂಟ್ ಹಿಟ್ಟೂ ಗೆಡ್ಡೆಯದೇ. ತಿನ್ನುವುದಲ್ಲವಲ್ಲ ಎಂದು ಕೆಲವರು ಹೇಳುವುದುಂಟು. ಮನೆಯಲ್ಲಿ ಅಕ್ಕಿ ಇರುವಾಗ ಆ ವಾದಕ್ಕೆ ಹೋಗುವ ಅಗತ್ಯವೇನು? ಪೇಟೆಯ ಗಂಜಿ ಪುಡಿ ಕೊಳ್ಳುವವರು ಅದು ಯಾವುದರಿಂದ ಆಗಿದೆಯೆಂದು ಪೊಟ್ಟಣದ ಮೇಲೆ ಓದಿ ಕೊಳ್ಳುವುದು ಒಳ್ಳೆಯದು.

ಎರಡು, ಅಡುಗೆಗೆ ಆಗದ ಹಳೆಯ ಹಿಟ್ಟನ್ನು ಬಟ್ಟೆಗೆ ತಾನೇ ಎಂದು ಗಂಜಿಗೆ ಹಾಕುವುದನ್ನು ನೋಡಿದ್ದೇನೆ. ಹಿಟ್ಟಿನ ಮರ್ಯಾದೆ ಚಳಿಗಾಲಕ್ಕೆ 7 ದಿನ, ಬೇಸಿಗೆಗೆ 5, ಮಳೆಗಾಲಕ್ಕೆ 3 ಎಂದು ಹಿರಿಯರು ಇಟ್ಟಿರುವುದು ಅದರಲ್ಲಿ ಹುಳ ಹುಟ್ಟುತ್ತದೆಂದು. ಅಂಥ ಹಿಟ್ಟನ್ನು ಕುದಿಯುವ ನೀರಿಗೆ ಸುರಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಹಿಟ್ಟೂ ಹೊಸದಿರಲಿ, ನೀರೂ ಆಗಲೇ ಗಾಳಿಸಿದ್ದಿರಲಿ.

ಮೂರು, ಗಂಜಿಯನ್ನು ಆ ದಿನಕ್ಕೆ ಬೇಕಾದಷ್ಟೇ ಮಾಡಬೇಕು. ತೆಳು ಬಟ್ಟೆ ಮೂರು ಮೀಟರಿಗೆ ಒಂದು ಲೀಟರ್ ಹತ್ತಿರ ಬೇಕಾಗುತ್ತದೆ. ರಾತ್ರಿ ಇಟ್ಟರೆ ಹುಳಿಯಾಗುತ್ತದೆ, ಜೀವೋತ್ಪತ್ತಿ ಆಗುತ್ತದೆ, ಬಟ್ಟೆಗೂ ನಾತ ಬರುತ್ತದೆ. ಉಳಿದದ್ದಕ್ಕೆ ನೀಲಿ ಬೆರೆಸಿಲ್ಲದಿದ್ದರೆ ಮುಸುರೆಯ ಜೊತೆ ದನಕ್ಕೆ ಕೊಡಬಹುದು. ಇಲ್ಲವೇ ನೀರು ಬೆರೆಸಿ ಗಿಡದ ಬುಡಕ್ಕೆ ಹರಡಿ ಹಾಕಬಹುದು. ಮೋರಿಗೆ ಗಟ್ಟಿಯಾಗಿ ಸುರಿದರೆ ಇರುವೆ, ಜಿರಳೆಗಳನ್ನು ಕರೆದು ತಂದಂತೆ.

ಹಿಂಡದೆ ಹಾಕುವ ದಾರಿಗಳು

ಎಲ್ಲಕ್ಕೂ ಮುಂಚೆ ಒಂದು ಕೆಲಸವಿದೆ. ಇಡೀ ಸೀರೆಯನ್ನು ಒಮ್ಮೆಗೇ ಬಕೆಟ್ಟಿಗೆ ಅದ್ದಬೇಡಿ. ಒಂದೊಂದು ಮೀಟರಿನಂತೆ ಹರಿದುಕೊಂಡು ತುಂಡು ತುಂಡಾಗಿ ಅದ್ದಿ. ಹಾಗೆಂದು ಚೌಕಗಳಾಗಿ ಕತ್ತರಿಸಿದ ಮೇಲೂ ಗಂಜಿ ಹಾಕಬೇಡಿ, ಅಂಚು ಬಿಚ್ಚಿಕೊಳ್ಳುತ್ತದೆ, ನೂರು ತುಂಡಿಗೆ ನೂರು ಸಲ ಕೈ ಆಡಿಸಬೇಕಾಗುತ್ತದೆ. ಮೀಟರಿನ ತುಂಡಿಗೆ ಗಂಜಿ, ಆಮೇಲೆ ಇಸ್ತ್ರಿ, ಆಮೇಲೆ ಕತ್ತರಿ. ಇದೇ ಸರಿಯಾದ ಕ್ರಮ.

ಮೊದಲನೆಯ ದಾರಿ ಕೋಲಿನದು. ಆಳವಾದ ಬಕೆಟ್ಟಿನ ಬದಲು ಅಗಲವಾದ ತಟ್ಟೆ ಅಥವಾ ಟಬ್ಬನ್ನು ಮೇಜಿನ ಮೇಲಿಟ್ಟುಕೊಂಡರೆ ಸೊಂಟ ಬಗ್ಗಿಸುವಂತಿಲ್ಲ. ಬಟ್ಟೆಯನ್ನು ಗಂಜಿಯಲ್ಲಿ ಹಾಸಿ ಅಂಗೈಯಿಂದ ಒತ್ತಬೇಕು. ಪೂರ್ತಿ ನೆಂದ ಮೇಲೆ ನುಣುಪಾದ ಒಂದು ಕೋಲನ್ನು ಬಟ್ಟೆಯ ನಡುವಿಗೆ ತೂರಿಸಿ, ಎರಡೂ ಕೈಯಿಂದ ಕೋಲನ್ನೇ ಎತ್ತಿ, ಎರಡು ಕುರ್ಚಿಗಳ ಬೆನ್ನಿನ ಮೇಲೆ ಅಡ್ಡಲಾಗಿ ಇಡಬೇಕು. ಕೆಳಗೆ ಟಬ್ಬು. ಹದಿನೈದು ನಿಮಿಷ ತೊಟ್ಟಿಕ್ಕಿದ ಮೇಲೆ ಮೇಲಿಂದ ಕೆಳಕ್ಕೆ ಅಂಗೈಯಿಂದ ಒಂದು ಸಲ ಸವರಿದರೆ ಹೆಚ್ಚಿನ ಗಂಜಿ ಇಳಿದುಹೋಗುತ್ತದೆ. ಅದೇ ಕೋಲನ್ನು ಮಹಡಿಗೆ ಒಯ್ದು ನೆರಳಲ್ಲಿ ಇಟ್ಟರಾಯಿತು. ನಮ್ಮ ರಾಯಲಸೀಮೆಯ ಗಾಳಿಗೆ ಬಟ್ಟೆ ಹಿಂಡುವ ಅಗತ್ಯವೇ ಇಲ್ಲವೆಂದು ಇಷ್ಟು ವರ್ಷ ಇಲ್ಲಿದ್ದೂ ನಮಗೆ ಹೊಳೆದಿರಲಿಲ್ಲ. ಬೇಸಿಗೆಯಲ್ಲಿ ಹಿಂಡದ ಬಟ್ಟೆ ಹಿಂಡಿದ್ದಕ್ಕಿಂತ ಸ್ವಲ್ಪ ಹೊತ್ತು ಹೆಚ್ಚು ತೆಗೆದುಕೊಳ್ಳಬಹುದು, ಅಷ್ಟೆ. ಧೂಳು ಮಾತ್ರ ಎದ್ದಿರಬಾರದು, ಹಸಿ ಗಂಜಿಗೆ ಧೂಳು ಅಂಟಿದರೆ ಮತ್ತೆ ಒಗೆಯಬೇಕಾಗುತ್ತದೆ.

ಎರಡನೆಯದು ಟವಲಿನದು. ಮಲೆನಾಡಿನ ಕಡೆ, ಕರಾವಳಿಯ ಕಡೆ ಇರುವ ಬಂಧುಗಳಿಗೆ ಅಷ್ಟು ಬೇಗ ಒಣಗುವುದಿಲ್ಲ. ಅವರು ದಪ್ಪ ಒಣ ಟವಲಿನ ಮೇಲೆ ಗಂಜಿ ಬಟ್ಟೆಯನ್ನು ಹಾಸಿ, ಚಾಪೆ ಸುತ್ತಿದಂತೆ ಟವಲಿನ ಸಮೇತ ಸುತ್ತಿ, ಮುಂಗೈಯಿಂದ ಒತ್ತಬೇಕು. ಕೈಗೆ ಅದೂ ಆಗದಿದ್ದರೆ ಸುರುಳಿಯನ್ನು ನೆಲದ ಮೇಲಿಟ್ಟು ಗೋಡೆ ಹಿಡಿದುಕೊಂಡು ತೊಳೆದ ಕಾಲಿನಿಂದ ಮೆಲ್ಲಗೆ ತುಳಿದರೂ ಆಯಿತು. ತಿರುಚುವುದರಿಂದ ಬರುವ ಅಡ್ಡ ಸುಕ್ಕೂ ಇದರಲ್ಲಿ ಬರುವುದಿಲ್ಲ.

ಮೂರನೆಯದು ಬ್ರಷ್ಷಿನದು. ಇದು ನೇಕಾರರಿಂದ ಕಲಿತದ್ದು. ಹತ್ತಿ ಸೀರೆ ನೇಯುವ ಊರುಗಳಲ್ಲಿ ಬೆಳಗಿನ ತಂಪು ಹೊತ್ತಿನಲ್ಲಿ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಉದ್ದನೆಯ ಬ್ರಷ್ಷಿನಿಂದ ಗಂಜಿ ಸವರುತ್ತಿದ್ದರು. ಸಾವಿರಾರು ಎಳೆಯ ಹಾಸನ್ನು ಯಾರೂ ಹಿಂಡುವುದಿಲ್ಲ, ಹಿಂಡಿದರೆ ಎಳೆ ಉಳಿಯುವುದಿಲ್ಲ. ಬೇಕಾದಷ್ಟೇ ಗಂಜಿ ಸವರಿದರೆ ಹಿಂಡುವ ಕೆಲಸ ಹುಟ್ಟುವುದೇ ಇಲ್ಲ. ಮನೆಯಲ್ಲಿ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಟ್ಟೆ ಹರಡಿ, ಮೂರು ನಾಲ್ಕು ಇಂಚು ಅಗಲದ ಹೊಸ ಬ್ರಷ್ಷಿನಿಂದ ಉದ್ದ ಎಳೆಯ ದಿಕ್ಕಿನಲ್ಲಿ ಸವರಬೇಕು. ಅಡ್ಡಡ್ಡ ಎಳೆದರೆ ಬಟ್ಟೆ ಹಿಗ್ಗುತ್ತದೆ. ಬ್ರಷ್ಷಿನ ಹಿಡಿ ಸಣ್ಣಗಿದ್ದರೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ, ದಪ್ಪ ಹಿಡಿಗೆ ಬೆರಳು ಬಿಗಿಯಬೇಕಿಲ್ಲ. ಬ್ರಷ್ ಕೊಳ್ಳುವಾಗ ಒಂದು ಎಚ್ಚರಿಕೆ. ಬಣ್ಣ ಬಳಿಯುವ ಬ್ರಷ್ಷುಗಳಲ್ಲಿ ಹಂದಿಯ ಕೂದಲಿನವೂ ಇವೆ. ಕೇಳಿ ನೈಲಾನಿನದೇ ತೆಗೆದುಕೊಳ್ಳಿ. ನಮ್ಮ ಮನೆಯಾಕೆಗೆ ಎಲ್ಲಕ್ಕಿಂತ ಒಗ್ಗಿದ್ದು ಈ ದಾರಿಯೇ.

ನಾಲ್ಕನೆಯದು ಚಿಮುಕಿಸುವುದು. ಅಮೆರಿಕದ ಕಡೆ ಕೌದಿ ಹೊಲಿಯುವವರು ಡಬ್ಬಿಯಲ್ಲಿ ಬರುವ ಸ್ಪ್ರೇ ಗಂಜಿಯನ್ನು ಬಟ್ಟೆಗೆ ಹೊಡೆದು ಇಸ್ತ್ರಿ ಮಾಡಿ ಕತ್ತರಿಸುತ್ತಾರೆ. ನಮ್ಮಲ್ಲೂ ಕುದುರೆ ಒತ್ತುವಂಥ ಸ್ಪ್ರೇ ಬಾಟಲಿ ಎಲ್ಲ ಕಡೆ ಸಿಗುತ್ತದೆ. ಆದರೆ ಒಂದು ಮೀಟರ್ ಬಟ್ಟೆಗೆ ಎಷ್ಟು ಸಲ ಬೆರಳು ಒತ್ತಬೇಕೆಂದು ಎಣಿಸಿ ನೋಡಿ, ಹಿಂಡುವ ನೋವು ತಪ್ಪಿ ಒತ್ತುವ ನೋವು ಬರುತ್ತದೆ. ಅದರ ಬದಲು ಗಿಡಕ್ಕೆ ನೀರು ಹೊಡೆಯುವ, ಮೇಲೆ ಗಾಳಿ ತುಂಬುವ ಪಂಪಿರುವ ಸಣ್ಣ ಬಾಟಲಿ ಸಿಗುತ್ತದೆ. ಅಂಗೈಯಿಂದ ಹತ್ತು ಹದಿನೈದು ಸಲ ಗಾಳಿ ತುಂಬಿದರೆ ಸಾಕು, ಮತ್ತೆ ಸುಮ್ಮನೆ ಗುಂಡಿ ಅದುಮಿ ಹಿಡಿದರೆ ತಾನೇ ಚಿಮ್ಮುತ್ತದೆ. ಗಾಳಿ ತುಂಬುವ ಕೆಲಸವನ್ನು ಮನೆಯ ಹುಡುಗರು ಸಂತೋಷದಿಂದ ಮಾಡುತ್ತಾರೆ. ಹೊಸ ಬಾಟಲಿಯೇ ಆಗಬೇಕು, ಔಷಧಿ ಹೊಡೆದ ಬಾಟಲಿ ಮುಟ್ಟಲೇಬಾರದು. ಗಂಜಿ ತೆಳುವಾಗಿರಬೇಕು, ಎರಡು ಸಲ ಸೋಸಿರಬೇಕು. ಕೆಲಸ ಮುಗಿದ ತಕ್ಷಣ ಬಿಸಿ ನೀರು ತುಂಬಿ ಚಿಮ್ಮಿಸದಿದ್ದರೆ ಮೂತಿ ಕಟ್ಟಿಕೊಳ್ಳುತ್ತದೆ.

ಐದನೆಯದು ಯಂತ್ರದ್ದು. ವಾಷಿಂಗ್ ಮೆಷಿನ್ ಇರುವವರು ಗಂಜಿಯಲ್ಲಿ ಅದ್ದಿದ ಬಟ್ಟೆಗಳನ್ನು ಅದರ ಹಿಂಡುವ ಭಾಗಕ್ಕೆ ಹಾಕಿ ಅರ್ಧ ನಿಮಿಷದಿಂದ ಒಂದು ನಿಮಿಷ ತಿರುಗಿಸಿದರೆ ಸಾಕು. ಹೆಚ್ಚು ತಿರುಗಿಸಿದರೆ ಹಾಕಿದ ಗಂಜಿಯೆಲ್ಲ ಹೊರಟುಹೋಗುತ್ತದೆ. ಆಮೇಲೆ ಬಿಸಿನೀರಿನ ಬಟ್ಟೆಯಿಂದ ಒಳಗೆ ಒರೆಸಿ, ಮುಚ್ಚಳ ತೆರೆದಿಟ್ಟು ಒಣಗಿಸಬೇಕು.

ಇಸ್ತ್ರಿಯ ಮಾತು

ಗಂಜಿ ಬಟ್ಟೆ ಪೂರ್ತಿ ಒಣಗಿ ಕಡ್ಡಿಯಾದ ಮೇಲೆ ಇಸ್ತ್ರಿ ಮಾಡಲು ಹೋದರೆ ಭುಜದವರೆಗೆ ನೋಯುತ್ತದೆ. ಸ್ವಲ್ಪ ತೇವ ಇರುವಾಗಲೇ ತೆಗೆಯಬೇಕು. ತಪ್ಪಿ ಒಣಗಿದರೆ ನೀರು ಚಿಮುಕಿಸಿ, ಸುತ್ತಿಟ್ಟು, ಅರ್ಧ ಗಂಟೆಯ ಮೇಲೆ ಮಾಡಬೇಕು. ಪೆಟ್ಟಿಗೆಯನ್ನು ಮುಂದಕ್ಕೆ ಹಿಂದಕ್ಕೆ ತಳ್ಳದೆ, ಒಂದು ಕಡೆ ಇಟ್ಟು, ಎಣಿಸಿ ನಾಲ್ಕೈದು ಗುಣಿಸುವಷ್ಟು ಹೊತ್ತು ಬಿಟ್ಟು, ಎತ್ತಿ ಪಕ್ಕಕ್ಕೆ ಇಡಬೇಕು. ತಳ್ಳಿದರೆ ಕೈಗೂ ಶ್ರಮ, ಬಟ್ಟೆಯ ಚೌಕವೂ ಕೆಡುತ್ತದೆ. ಬಿಸಿ ಬಹಳವಾದರೆ ಗಂಜಿ ಕಂದುಗಟ್ಟಿ ಪೆಟ್ಟಿಗೆಗೆ ಅಂಟುತ್ತದೆ. ಮೇಜು ನಿಂತವರ ಮೊಣಕೈ ಎತ್ತರಕ್ಕಿದ್ದರೆ ಒಳ್ಳೆಯದು. ಇದೂ ಆಗದವರು ಬೀದಿಯ ಇಸ್ತ್ರಿ ಅಂಗಡಿಗೆ ಕೊಟ್ಟುಬಿಡಲಿ. ನಾಲ್ಕು ಕಾಸು ಅವರಿಗೂ ಸೇರುತ್ತದೆ.

ಎಲ್ಲಿ ಗಂಜಿ ಬೇಡ

ಹೆಚ್ಚು ಗಂಜಿ ಬೇಡವೆಂದು ಹೇಳಿದ್ದೆನಲ್ಲ, ಅದರ ಕಾರಣ ಸೂಜಿ. ಕೌದಿಗೆ ಮೂರು ನಾಲ್ಕು ಪದರ ಇರುತ್ತದೆ. ಎಲ್ಲ ಪದರಕ್ಕೂ ಗಂಜಿ ಹಾಕಿದರೆ ಸೂಜಿ ಹಲಗೆಗೆ ಚುಚ್ಚಿದಂತಾಗಿ, ಹಿಂಡುವುದರಲ್ಲಿ ಉಳಿಸಿದ ಕೈ ಹೊಲಿಯುವುದರಲ್ಲಿ ಹೋಗುತ್ತದೆ. ಮೇಲಿನ ತುಂಡುಗಳಿಗೆ ಮಾತ್ರ ತೆಳು ಗಂಜಿ ಹಾಕಿ. ಒಳಪದರಕ್ಕೂ ಅಡಿಯ ಬಟ್ಟೆಗೂ ಬೇಡವೇ ಬೇಡ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ತಾಲ್ಲೂಕುಗಳ ಸಿದ್ದಿ ಹೆಂಗಸರ ಕೌದಿಗೆ ಈಗ ದೇಶದ ಹೊರಗೂ ಹೆಸರಿದೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡನ್ನು ಅಲ್ಲಲ್ಲೇ ಬೆರಳಿನಿಂದ ಮಡಿಸಿ ನೇರ ಪದರಗಳ ಮೇಲೆಯೇ ಹೊಲಿದುಬಿಡುತ್ತಾರೆ. ಆ ಕ್ರಮದಲ್ಲಿ ತುಂಡು ಸೊಟ್ಟಗಿದ್ದರೂ ನಡೆಯುತ್ತದೆ, ಹೊಲಿಗೆಯೇ ಅದನ್ನು ಹಿಡಿದುಕೊಳ್ಳುತ್ತದೆ. ಅಳತೆಯ ಚೌಕಗಳ ಆಸೆ ಬಿಟ್ಟರೆ ಗಂಜಿಯೇ ಇಲ್ಲದೆ ಚೆಂದದ ಕೌದಿ ಆಗುತ್ತದೆ ಎಂಬುದನ್ನೂ ಕೈ ನೋಯುವವರು ನೆನಪಿಡಬೇಕು.

ರೇಷ್ಮೆಯ ಮಾತು ನಾನು ಎತ್ತಿಲ್ಲ. ಹಿಂದೂಪುರದ ಗೂಡಿನ ಮಾರುಕಟ್ಟೆ ನಮ್ಮ ಪಕ್ಕದಲ್ಲೇ ಇದೆ, ಸೋಮಂದೇಪಲ್ಲಿಯಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ, ತುಂಡು ರೇಷ್ಮೆ ಸುಲಭವಾಗಿ ಕೈಗೆ ಸಿಗುತ್ತದೆ. ಗೂಡಿನಲ್ಲಿರುವ ಜೀವಕ್ಕೆ ಏನಾಗುತ್ತದೆಂದು ಬಲ್ಲ ನಮ್ಮ ಮನೆಯವರು ಕೌದಿಗೆ ಅದನ್ನು ಸೇರಿಸುವುದಿಲ್ಲ. ಹೊದೆಯುವುದಕ್ಕೆ ಹತ್ತಿಯಷ್ಟು ಹಿತವಾದದ್ದೂ ಬೇರೆ ಇಲ್ಲ.

ಗಂಜಿ ಬಟ್ಟೆಯನ್ನು ಇಡುವ ವಿಷಯ

ಇದು ವ್ಯಾಪಾರಿಯಾಗಿ ನಾನು ಕಲಿತ ಪಾಠ. ಗಂಜಿ ನಮಗೆ ಅನ್ನದ ತಿಳಿಯಾದರೆ ಜಿರಳೆಗೂ, ಹಳೆಯ ಪುಸ್ತಕದ ಕಟ್ಟಿನಲ್ಲಿ ಓಡಾಡುವ ಬೆಳ್ಳಿ ಬಣ್ಣದ ಸಣ್ಣ ಹುಳಕ್ಕೂ ಅದು ಊಟ. ಗಂಜಿ ಹಾಕಿದ ಬಟ್ಟೆಯನ್ನು ಟ್ರಂಕಿನಲ್ಲಿ ಆರು ತಿಂಗಳು ಇಟ್ಟರೆ ಹುಳ ಬರುತ್ತದೆ. ಆಮೇಲೆ ನುಸಿಗುಳಿಗೆ, ಔಷಧಿ ಎಂದು ನಾವು ಹಿಂಸೆಗೆ ಇಳಿಯುತ್ತೇವೆ. ಕರೆದು ಊಟಕ್ಕಿಟ್ಟು ಆಮೇಲೆ ಕೊಲ್ಲುವುದು ಯಾವ ನ್ಯಾಯ? ಆದ್ದರಿಂದ ಆ ತಿಂಗಳು ಹೊಲಿಯುವಷ್ಟಕ್ಕೆ ಮಾತ್ರ ಗಂಜಿ ಹಾಕಿ. ಕೌದಿ ಮುಗಿದ ಮೇಲೆ ಎರಡು ಸಲ ಬರಿ ನೀರಿನಲ್ಲಿ ಜಾಲಿಸಿ ಗಂಜಿ ಪೂರ್ತಿ ಬಿಡಿಸಿ, ಚೆನ್ನಾಗಿ ಒಣಗಿಸಿ ಇಡಿ. ನೆಂದ ಕೌದಿಯನ್ನು ಹಿಂಡುವ ಮಾತೇ ಬೇಡ. ಇಬ್ಬರು ಹಿಡಿದು ಹಗ್ಗದ ಮಂಚದ ಮೇಲೆ ಹರಡಿದರೆ ನೀರು ತಾನೇ ಸೋರಿಹೋಗುತ್ತದೆ.

ಚಾತುರ್ಮಾಸದ ತೇವದ ದಿನಗಳಲ್ಲಿ ಗಂಜಿ ಕೆಲಸ ಇಟ್ಟುಕೊಳ್ಳದಿರುವುದೇ ಮೇಲು. ಬಟ್ಟೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಕಾರ್ತಿಕ ಕಳೆದು ಗಾಳಿ ಒಣಗಿದ ಮೇಲೆ ಶುರುಮಾಡಿದರೆ ಬಟ್ಟೆಗೂ ಹಿತ, ಜೀವದಯೆಗೂ ಹಿತ.

ಕೈಯ ವಿಷಯದಲ್ಲಿ ಕೊನೆಯ ಮಾತು. ಒಂದು ದಿನಕ್ಕೆ ಮೂರು ನಾಲ್ಕು ಮೀಟರಿಗಿಂತ ಹೆಚ್ಚು ಹಿಡಿಯಬೇಡಿ. ಅರ್ಧ ಗಂಟೆ ಮಾಡಿದರೆ ಹತ್ತು ನಿಮಿಷ ಬಿಡಿ, ಒಂದು ಸಲ ಣಮೋಕಾರ ಜಪ ಮಾಡಿಕೊಳ್ಳಲು ಅದು ಒಳ್ಳೆಯ ಹೊತ್ತು. ಹೆಬ್ಬೆರಳ ಬುಡದಲ್ಲಿ ಬಾವು ಬಂದರೆ, ರಾತ್ರಿ ಮರಗಟ್ಟಿದರೆ, ಎಣ್ಣೆ ತಿಕ್ಕಿಕೊಂಡು ಸುಮ್ಮನಾಗದೆ ವೈದ್ಯರಿಗೆ ತೋರಿಸಿ.

ನನ್ನಂತೆ ಅಂಗಡಿಯಲ್ಲಿ ಕುಳಿತಿರುವ ಬಂಧುಗಳಿಗೂ ಒಂದು ಮಾತು. ನಾವು ನೀರು ಗಾಳಿಸಿ ಕುಡಿಯುತ್ತೇವೆ, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುತ್ತೇವೆ, ನಡೆಯುವಾಗ ಇರುವೆ ನೋಡಿ ಕಾಲಿಡುತ್ತೇವೆ. ಅಷ್ಟು ನೋಡುವ ಕಣ್ಣಿಗೆ ಮನೆಯೊಳಗಿನ ಕೈಯ ನೋವು ಕಾಣದೆ ಹೋಗುತ್ತದೆ. ನನಗೆ ನಲವತ್ತು ವರ್ಷ ಕಾಣಲಿಲ್ಲ. ನಿಮ್ಮ ಪಂಚೆ, ಜುಬ್ಬಕ್ಕೆ ಗಂಜಿ ಬೇಕೇಬೇಕೆಂದಿದ್ದರೆ ಒಂದು ಸಲ ನೀವೇ ಹಾಕಿ, ನೀವೇ ಹಿಂಡಿ ನೋಡಿ. ನಾನು ನೋಡಿದ ಮೇಲೆ ಬಿಟ್ಟೆ. ಮೆತ್ತನೆಯ ಪಂಚೆ ಉಟ್ಟು ಅಂಗಡಿಗೆ ಹೋದ ಮೊದಲ ದಿನ ಪಕ್ಕದ ಅಂಗಡಿಯವರು ಮೈ ಹುಷಾರಿಲ್ಲವೇ ಎಂದು ಕೇಳಿದರು. ಈಗ ಯಾರೂ ಕೇಳುವುದಿಲ್ಲ. ವ್ಯಾಪಾರವೇನೂ ಕಡಿಮೆಯಾಗಿಲ್ಲ.

ಏಳನೆಯ ಕೌದಿ ಈಗ ಮುಕ್ಕಾಲು ಭಾಗ ಆಗಿದೆ. ವಾರಕ್ಕೊಂದು ದಿನ ಮಧ್ಯಾಹ್ನ ಅಂಗಡಿಯನ್ನು ಮಗನಿಗೆ ಬಿಟ್ಟು ಬಂದು ಬ್ರಷ್ಷಿನಿಂದ ಗಂಜಿ ಸವರುವ ಕೆಲಸ ನನ್ನದು. ಕತ್ತರಿಯೂ ಸೂಜಿಯೂ ಅವಳದು. ಮೊದಲ ಮೂರು ತುಂಡಿಗೆ ನಾನು ಗಂಜಿ ಜಾಸ್ತಿ ಬಳಿದು ಬೈಸಿಕೊಂಡೆ. "ಗೋಡೆಗೆ ಸುಣ್ಣ ಹೊಡೆದ ಹಾಗೆ ಹೊಡೀಬೇಡಿ ರೀ" ಅಂದಳು. ಈಗ ಪರವಾಗಿಲ್ಲ ಎನ್ನುತ್ತಾಳೆ.

ತಾಯಂದಿರು ಇದಕ್ಕಿಂತ ಸುಲಭದ ದಾರಿ ಕಂಡುಕೊಂಡಿದ್ದರೆ ಸಂಪಾದಕರಿಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.

ಜೈ ಜಿನೇಂದ್ರ.